ಅಕ್ಕ ಹೇಳೂ ತನಕ

ಮಲ್ಲಿಗೆ ದಂಡೆಯ ದಾರ ಕಿವಿಯ ಹಿಂದೆ ಒತ್ತುತ್ತಿದೆ, ಒತ್ತಲಿ, ಅದರ ಮರೆಯಲ್ಲೇ ಇಯರ್‌ಬಡ್ ಕೂತಿದೆ, ಯಾರಿಗೂ ಕಾಣದು, ಮಧ್ಯಾಹ್ನದೊಳಗೆ ಮುಗಿಯಬೇಕಿದ್ದ ಕುಬಸ, ತಂಬೂರು ಊರಿನ ತವರಿನವರ ಟಂಟಂ ಗಾಡಿ ದಾರಿಯಲ್ಲಿ ಕೆಟ್ಟು ನಿಂತದ್ದಕ್ಕೆ ಈಗ, ಸರಿಯಾಗಿ ಈಗಲೇ — ಅಮೃತಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಾಳೆ, ಅತ್ತೆ ನೀಲಕ್ಕ ಬಸುರಿ ಸೊಸೆಗೆ ಉಡಿ ತುಂಬುತ್ತಿದ್ದಾಳೆ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಎರಡೂ ಕೈಲೆ ಸೆರಗು ಗಟ್ಟಿ ಹಿಡ್ಕೊಳವ್ವಾ, ಒಂದ ಕಾಳೂ ಚೆಲ್ಲಬಾರದು, ಚೆಲ್ಲಿದರೆ ಕೂಸಿಗೆ ಒಳ್ಳೆಯದಲ್ಲವಂತೆ, ಹಿಡಿದಿದ್ದಾಳೆ, ಮತ್ತೇನು ಮಾಡಿಯಾಳು, ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿದ ಫೋನಿನೊಳಗೆ ಆಟ ತೆರೆದೇ ಇದೆ, ಬೆಂಕಿ ಉಗುಳುವ ಘಟಸರ್ಪದ ಗುಹೆಯ ಬಾಗಿಲಲ್ಲಿ ಅವಳ ಗಿಲ್ಡಿನ ಹತ್ತು ಮಂದಿ, ದೊಡ್ಡ ಗಿಲ್ಡಿನವರು ಬೇಡವೆಂದು ತಳ್ಳಿದವರನ್ನೆಲ್ಲ ಹೆಕ್ಕಿ ಅವಳು ಕಟ್ಟಿದ ತಂಡ, ಇವತ್ತಿನ ರೇಡ್, ಸರ್ಪದ ಮೇಲಿನ ದಾಳಿ, ಗೆಲ್ಲದಿದ್ದರೆ ಒಡೆದೇ ಹೋಗುತ್ತದೆ, ನಾಳೆ ಇವಳು ಹೆರಿಗೆಗೆ ತವರಿಗೆ, ಅಲ್ಲಿ ನೆಟ್‌ವರ್ಕ್ ಬೇಕೆಂದರೆ ಮಾಳಿಗೆ ಹತ್ತಬೇಕು, ಬಸುರಿಯನ್ನು ಯಾರು ಹತ್ತಿಸುತ್ತಾರೆ — ಅಕ್ಕಾ, ಬಾಗಲಾ ತಗೀತೀನ್ರಿ, ಕಿವಿಯಲ್ಲಿ ಹೇಮಂತ, ನವಲಗುಂದದ ಮೊಬೈಲ್ ಅಂಗಡಿಯವನು, ಮುಖ ನೋಡಿಲ್ಲ, ತಮ್ಮನಿಗಿಂತ ಹೆಚ್ಚು — ಬೇಡವೋ, ತಾಳೋ, ತನ್ನ ಮೈಕು ಬಂದ್ ಇದೆ, ತೆರೆಯಲು ಇಯರ್‌ಬಡ್ಡಿಗೆ ಒಂದು ಬೆರಳು ತಾಗಿಸಿದರೆ ಸಾಕು, ಆ ಒಂದು ಬೆರಳು ಎಲ್ಲಿಂದ ತರಲಿ, ಹತ್ತೂ ಸೆರಗು ಹಿಡಿದಿವೆ.

ಮೊದಮೊದಲು ಎಂಥ ಮಂದಿ ಅಂತೀರಿ, ಸರ್ಪ ಹೆಡೆ ಎತ್ತಿದರೆ ಸಾಕು ಕೋಳಿಮರಿಗಳ ಹಾಗೆ ದಿಕ್ಕಾಪಾಲು, ಒಬ್ಬೊಬ್ಬನೂ ತಾನೇ ಶಾಣ್ಯಾ, ಗೋಡೆಗೆ ಸಾಲಾಗಿ ನಿಲ್ಲಿಸಿ ಕಲಿಸಿದಳು, ಬೈದಳು, ಸಿಟ್ಟಾಗಿ ಹೋದವನನ್ನು ರಮಿಸಿ ಕರೆತಂದಳು, ನಾ ಹೇಳೂ ತನಕ ಜೀವಾ ಹೋದ್ರೂ ಮಿಸುಕಬಾರದು, ಹೌದ್ರಿ ಅಕ್ಕಾ, ಹೌದ್ರಿ ಅಕ್ಕಾ, ಈ ದುಮ್ಮವಾಡದ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಎಷ್ಟು ಅನ್ನುವುದೂ ಅವಳ ಮಾತಲ್ಲ, ಅಲ್ಲಿ ಹತ್ತು ಗಂಡಸರು ಅವಳ ಒಂದು ಮಾತಿಗೆ ನಿಲ್ಲುತ್ತಾರೆ, ಎಷ್ಟು ಹಿಗ್ಗಿದ್ದಳು ಹುಚ್ಚಿ — ಗುಹೆಯ ಬಾಗಿಲು ತೆರೆಯಿತು, ಗರ್ಜನೆ, ಅದರ ಮೇಲೆ ಸೋಬಾನೆ ಹಾಡು, ಬಾಜು ಮನೆಯ ಶಾರದವ್ವ ಗದ್ದ ಹಿಡಿದು, ಒಡಪಾ ಹಾಕವ್ವಾ, ಗಂಡನ ಹೆಸರ ಹೇಳೂ ತನಕ ಏಳಾಕ ಬಿಡೂದಿಲ್ಲ, ಹೇಳಿಬಿಟ್ಟರೆ ಏಳಬಹುದು, ಈರೇಶ, ಈರೇಶ, ಹಾಲು, ಸಕ್ಕರೆ, ಮಲ್ಲಿಗೆ, ಯಾವುದೂ ಪ್ರಾಸಕ್ಕೆ ಕೂಡುತ್ತಿಲ್ಲ — ಬೆಂಕಿ ಬಂತಲೇ, ಓಡೂಣು, ಕಿವಿಯಲ್ಲಿ ಯಾರೋ, ಹೇಮಂತ ಗದರುತ್ತಾನೆ, ಅಕ್ಕ ಹೇಳಿಲ್ಲ, ನಿಂದರ್ರಿ, ಅಕ್ಕ ಆನ್‌ಲೈನ್ ಅದಾರ — ಓಡಿರೋ, ಇದೊಂದು ಸಲ ನನ್ನ ಮಾತು ಮೀರಿ ಓಡಿರೋ, ಅಳು ಬರುತ್ತಿದೆ, ಹೆಂಗಸರೆಲ್ಲ ಅವಳ ಬಾಯಿ ನೋಡುತ್ತಿದ್ದಾರೆ, ಹೇಳಬೇ, ನಾಚಬ್ಯಾಡ, ಬಾಯಿ ತೆರೆದಳು, ಎಡಕ್ಕ ಓಡ್ರಿ!

ಹಾಡು ನಿಂತಿತು, ಆಮೇಲೆ ನಗು, ನಡುಮನೆ ತುಂಬ ನಗು, ಇದೆಂಥಾ ಒಡಪಾನ ಯವ್ವಾ, ಗಂಡನ್ನ ಓಡಸಾಕತ್ತೀಯೇನ, ನೀಲಕ್ಕನೂ ಕಣ್ಣೊರೆಸಿಕೊಂಡು ನಗುತ್ತ ಇನ್ನೊಂದು ಬೊಗಸೆ ಅಕ್ಕಿ ಸುರಿದಳು, ಸೆರಗು ಜಗ್ಗಿತು, ಕೈ ಇನ್ನಷ್ಟು ಬಿಗಿಯಾಯಿತು, ಬಿಡಲಿಲ್ಲ, ಬಿಡಲಾಗಲಿಲ್ಲ, ಮೈಕು ಇನ್ನೂ ಬಂದ್, ಕಿವಿಯಲ್ಲಿ ಹೇಮಂತನ ದನಿ ಮೆತ್ತಗೆ, ಯಾರೂ ಮಿಸುಕಬ್ಯಾಡ್ರಿ, ಅಕ್ಕ ಹೇಳತಾರ — ಬೆಂಕಿಯ ಮುಂದೆ ಸಾಲಾಗಿ, ಕಲಿಸಿದ ಹಾಗೆಯೇ, ಹತ್ತು ಮಂದಿ, ನಿಂತಿದ್ದಾರೆ, ನಿಂತೇ ಇದ್ದಾರೆ