ಐವರ್ನಾಡಿನಲ್ಲಿ ಆದ ಎಂಗೇಜ್‌ಮೆಂಟ್

ಪುತ್ತೂರಿನ ಹೋಟೆಲೊಂದರ ಎಸಿ ಹಾಲಿನಲ್ಲಿ ಎರಡು ದಿನ ಕೂತು ಬಂದ ಉದಯ ಮನೆಗೆ ಬಂದದ್ದೇ ಬೇರೆ ಮನುಷ್ಯನಾಗಿ. ಕೊರಳಲ್ಲಿ ಹೆಸರಿನ ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಬೆಳ್ಳಾರೆ ಬಸ್ಸಿನಲ್ಲಿ ಅಷ್ಟು ಜನರ ನಡುವೆಯೂ ಅವನು ಅದನ್ನು ತೆಗೆದಿರಲಿಕ್ಕಿಲ್ಲ ಎಂದು ತಂಗಿ ಪ್ರಣೀತಾಳಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಇನ್ನು ಮೇಲೆ ನಾವು ಮಾರುದಿಲ್ಲ," ಎಂದ ಉದಯ, ಫೈಲನ್ನು ಮೇಜಿನ ಮೇಲಿಡುತ್ತಾ.

"ಈಗ ಮಾತ್ರ ಎಂತ, ಮಾರಿ ಮಾರಿ ಕೈಸೋತಿದ್ಯಾ?"

"ನಿನಗೆ ಅರ್ಥ ಆಗುದಿಲ್ಲ. ಮೊದಲು ಸಂಬಂಧ, ಮತ್ತೆ ಎಂಗೇಜ್‌ಮೆಂಟ್, ಕಡೆಗೆ ಸೇಲ್. ಚಿನ್ಮಯ ಸರ್ ಹೇಳಿದ್ದು."

ಈ ಚಿನ್ಮಯ ಸರ್ ಎಂಬ ತರಬೇತಿದಾರ ಜೀವನದಲ್ಲಿ ಒಂದು ಬೆಂಕಿಪೆಟ್ಟಿಗೆಯನ್ನಾದರೂ ಮಾರಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಆದರೆ ಮಾರುವುದು ಹೇಗೆಂದು ಹೇಳಿಕೊಡುವ ಕೋರ್ಸನ್ನು ಮಾತ್ರ ಬಹಳ ಚೆನ್ನಾಗಿ ಮಾರುತ್ತಿದ್ದ. ಕೋಟು ಹಾಕಿಕೊಂಡು, ಕೈ ಬೀಸಿಕೊಂಡು, ಗ್ರಾಹಕ ಎನ್ನಬೇಡಿ, ಕ್ಲೈಂಟ್ ಎನ್ನಿ ಎಂದು ಅರುವತ್ತು ಮಂದಿಯಿಂದ ಒಟ್ಟಿಗೆ ಹೇಳಿಸಿದನಂತೆ. ಅರುವತ್ತು ಮಂದಿಯೂ ಹೇಳಿದರಂತೆ.

ಅಣ್ಣ ತಂಗಿಯರ ವ್ಯವಹಾರ ಅಡಿಕೆ ಒಣಗಿಸುವ ಸೋಲಾರ್ ಗೂಡಿನದು. ಕಬ್ಬಿಣದ ಪೈಪಿನ ಚೌಕಟ್ಟು, ಮೇಲೆ ದಪ್ಪದ ಪಾರದರ್ಶಕ ಶೀಟು, ಒಳಗೆ ಅಂತಸ್ತು ಅಂತಸ್ತಾಗಿ ಜಾಲರಿ. ಅಂಗಳದಲ್ಲಿ ಹರಡಿದ ಅಡಿಕೆ ನವೆಂಬರಿನ ಅಕಾಲ ಮಳೆಗೆ ನೆನೆದು ಕಪ್ಪಾಗುವಾಗ, ಗೂಡಿನೊಳಗಿನ ಅಡಿಕೆ ತನ್ನ ಪಾಡಿಗೆ ಒಣಗುತ್ತಿರುತ್ತದೆ. ಗಾಳಿ ಎಲ್ಲಿಂದ ಒಳಗೆ ಬರಬೇಕು, ಹಬೆ ಎಲ್ಲಿಂದ ಹೊರಗೆ ಹೋಗಬೇಕು ಎಂದು ಮೂರು ಮಳೆಗಾಲ ತಲೆ ಕೆಡಿಸಿಕೊಂಡವಳು ಪ್ರಣೀತಾ. ಡಿಪ್ಲೊಮಾ ಓದಿದವಳು, ಬೆಳ್ಳಾರೆಯ ಶೆಡ್ಡಿನಲ್ಲಿ ವೆಲ್ಡರ್ ಮಶೂದನ ಜೊತೆ ತಾನೇ ಪೈಪು ಕೊಯ್ದು ನಿಲ್ಲಿಸುತ್ತಿದ್ದಳು. ಗಿರಾಕಿ ಹುಡುಕುವುದು ಉದಯನ ಪಾಲಿನ ಕೆಲಸ. ಅವನು ಎರಡು ವರ್ಷದಲ್ಲಿ ಹುಡುಕಿದ್ದು ಐದು ಗಿರಾಕಿ. ಅದರಲ್ಲಿ ನಾಲ್ವರು ಅಮ್ಮನ ತವರಿನವರು.

ಹಾಗಾಗಿ ಈ ವರ್ಷ ಮಾತು ಕಟ್ಟುನಿಟ್ಟಾಗಿತ್ತು. ನವರಾತ್ರಿಯೊಳಗೆ ಎರಡು ಆರ್ಡರಾದರೂ ಬಾರದಿದ್ದರೆ ಶೆಡ್ಡು ಬಿಡುವುದು. ಪ್ರಣೀತಾ ಪುತ್ತೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹರಿಯುವ ಕೆಲಸಕ್ಕೆ ಸೇರುವುದು. ಅದನ್ನು ಆಗಲೇ ಗೊತ್ತು ಮಾಡಿಯೂ ಆಗಿತ್ತು. ಮಶೂದ್ ಕೂಡ ಒಂದು ಸಂಜೆ ಕೈ ಒರೆಸಿಕೊಳ್ಳುತ್ತಾ, "ಅಕ್ಕ, ನವರಾತ್ರಿವರೆಗೆ ನಾನು ಎಲ್ಲಿಗೂ ಹೋಗುದಿಲ್ಲ. ಅದರ ಮೇಲೆ ಕೆಲಸಕ್ಕೆ ಕರೆದ ಮಂಗಳೂರಿನವರಿಗೆ ಎಂತ ಹೇಳ್ಲಿ?" ಎಂದು ಕೇಳಿದ್ದ. ಪ್ರಣೀತಾ ಇನ್ನೊಂದು ಪೈಪು ಎತ್ತಿಕೊಂಡಳು. ಆ ಬಟ್ಟೆ ಅಂಗಡಿಯ ಗಾಜಿನ ಬಾಗಿಲನ್ನು ನೆನೆಯುವುದೇ ಅವಳಿಗೆ ಬೇಡವಾಗಿತ್ತು.

ಶುಭಕಾರ್ಯ ಮಾಡದ ಆಟಿ ತಿಂಗಳು ಕಳೆದಿತ್ತು. ಉದಯ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಅರ್ಧ ಕೆಜಿ ಸ್ವೀಟು ಹಿಡಿದು ಮನೆ ಮನೆಗೆ ಹೊರಟ. ಮೂರನೆಯ ದಿನ ಅವನು ಫೇಸ್‌ಬುಕ್ಕಿಗೆ ಹಾಕಿದ ಚಿತ್ರ ಪ್ರಣೀತಾಳ ಮೊಬೈಲಿನಲ್ಲಿ ಬಂತು. ಚಿತ್ರದಲ್ಲಿ ಐವರ್ನಾಡಿನ ಕುಕ್ಕಪ್ಪ ಗೌಡರು ಹೆಗಲಿಗೆ ಶಾಲು ಹಾಕಿಕೊಂಡು ಬಿಗಿಯಾಗಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ ಶೀಲಾವತಿ, ಅಂಚಿನಲ್ಲಿ ಕಾಫಿ ಟ್ರೇ ಹಿಡಿದ ಮಗಳು ತೃಷಾ. ಎಲ್ಲರ ಮುಂದೆ ಉದಯನ ಹಲ್ಲು. ಕೆಳಗೆ ಬರೆದಿದ್ದ: "ಐವರ್ನಾಡಿನ ಕುಕ್ಕಪ್ಪ ಮಾವನ ಮನೆಯಲ್ಲಿ ಹೊಸ ಸಂಬಂಧದ ಶುಭಾರಂಭ. ಹಿರಿಯರ ಆಶೀರ್ವಾದವಿರಲಿ."

ಆಶೀರ್ವಾದಕ್ಕೆ ಕೊರತೆಯೇ ಇರಲಿಲ್ಲ. ಇನ್ನೂರು ಚಿಲ್ಲರೆ ಮಂದಿ ಹೂವು, ದೀಪ, ಹೃದಯ ಎಲ್ಲ ಹಾಕಿದ್ದರು. ಸಂಪಾಜೆಯ ಅತ್ತೆ, "ಒಳ್ಳೇದಾಯ್ತು ಮಗಾ, ಯಾವಾಗ?" ಎಂದು ಕೇಳಿದ್ದರು. ಉದಯ ಉತ್ತರಿಸಿದ್ದ: "ಮಳೆ ಬಿಟ್ಟ ಕೂಡಲೇ ಅತ್ತೆ." ಅತ್ತೆ ಮತ್ತೆ, "ಎಲ್ಲಿ, ಹಾಲಿನಲ್ಲಾ?" ಅದಕ್ಕೆ ಉದಯ, "ಇಲ್ಲ ಅತ್ತೆ, ಅವರ ಅಂಗಳದಲ್ಲೇ. ಜಾಗ ಕಣ್ಣಲ್ಲೇ ಅಳೆದು ಬಂದಿದ್ದೇನೆ."

ಪ್ರಣೀತಾ ಮೊಬೈಲು ಹಿಡಿದುಕೊಂಡೇ ಅಣ್ಣನ ಕೋಣೆಗೆ ನುಗ್ಗಿದಳು.

"ನೋಡಿದ್ಯಾ, ಇನ್ನೂರು ಲೈಕ್, ಎಂಗೇಜ್‌ಮೆಂಟ್ ಹೇಗೆ ಉಂಟು!" ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

"ಎಂಗೇಜ್‌ಮೆಂಟೇ ಆದದ್ದು. ಅಲ್ಲಿ ಎಂತೆಲ್ಲ ಮಾತಾಡಿದ್ದಿ ನೀನು? ಗೂಡಿನ ಸುದ್ದಿ ತೆಗೆದಿದ್ಯಾ?"

"ಮೊದಲ ಮೂರು ಭೇಟಿಯಲ್ಲಿ ತೆಗೀಲಿಕ್ಕಿಲ್ಲ. ಮನೆಯವರ ಬಗ್ಗೆ ಕೇಳಬೇಕು. ಎಷ್ಟು ಮಕ್ಕಳು, ಎಂತ ಓದಿದ್ದು, ತೋಟ ಎಷ್ಟು. ಎಲ್ಲ ಕೇಳಿದೆ. ಬಳಿಯೂ ಕೇಳಿದೆ."

ಪ್ರಣೀತಾ ಮಂಚದ ಮೇಲೆ ಕೂತುಬಿಟ್ಟಳು. ಗೌಡರಲ್ಲಿ ಪ್ರತಿ ಮನೆತನಕ್ಕೂ ಒಂದು ಬಳಿ. ಒಂದೇ ಬಳಿಯವರೆಂದರೆ ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಮದುವೆಯಾಗದ ಮೂವತ್ತಮೂರರ ಗಂಡಸು, ಮದುವೆಗೆ ಬಂದ ಮಗಳಿರುವ ಮನೆಗೆ ಸ್ವೀಟು ಹಿಡಿದು ಹೋಗಿ ಬಳಿ ಕೇಳಿದರೆ, ಅದರ ಅರ್ಥ ತಿಳಿಯಲು ಯಾರೂ ಪುತ್ತೂರಿನ ಎಸಿ ಹಾಲಿಗೆ ಹೋಗಬೇಕಾಗಿಲ್ಲ.

"ಅವರದ್ದು ಬೇರೆ ಬಳಿ," ಉದಯ ಮುಂದುವರಿಸಿದ. "ಒಂದೇ ಆಗಿದ್ರೆ ಅಣ್ಣತಮ್ಮ ಅಂತ ಹೇಳಿ ಹತ್ತಿರ ಆಗ್ಬಹುದಿತ್ತು. ಆದ್ರೂ ನಾನು ಬಿಡ್ಲಿಲ್ಲ. ‘ಬಳಿ ಬೇರೆ ಆದ್ರೆ ಇನ್ನೂ ಒಳ್ಳೇದಲ್ವಾ, ಮುಂದುವರಿಯುವ’ ಅಂತ ಹೇಳಿದೆ. ಎಂತ ಉತ್ತರ ಬಂದ್ರೂ ನಾವು ಪಾಸಿಟಿವ್ ಆಗಿ ಹೇಳ್ಬೇಕಂತೆ. ಅವರಿಗೂ ಭಾರೀ ಖುಷಿ ಆಯ್ತು ಮಾರಾಯ್ತಿ."

"ಖುಷಿ ಆಗದೆ ಇರ್ತದಾ! ಎಷ್ಟು ಮನೆಯಲ್ಲಿ ಹೀಗೆ ಕೇಳಿದ್ದಿ?"

"ಮೂರು. ಇದೊಂದು, ಪುತ್ತೂರಲ್ಲಿ ಒಂದು, ಕಡಬದಲ್ಲಿ ಒಂದು. ಕಡಬದವರು ಕೇಸರಿಬಾತ್ ಮಾಡಿದ್ರು."

"ಅಲ್ಲಿಯೂ ಮಗಳು ಉಂಟಾ?"

"ಇಬ್ಬರು," ಎಂದ ಉದಯ ಹೆಮ್ಮೆಯಿಂದ. ಇಬ್ಬರಿದ್ದರೆ ಎರಡು ಗೂಡು ಹೋಗುತ್ತದೆ ಎಂಬಂತಿತ್ತು ಮುಖ.

ಹೇಳಿ ತಿಳಿಸುವಷ್ಟರಲ್ಲಿ ಅರ್ಧ ಗಂಟೆ ಬೇಕಾಯಿತು. ತಿಳಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. ಶೀಲಾವತಿ ಫೋನು ಮಾಡಿದ್ದರಂತೆ, ಬರುವ ಆದಿತ್ಯವಾರ ಎಂಟು ಮಂದಿ ಮನೆ ನೋಡಲು ಬರುತ್ತಾರಂತೆ. ಅಮ್ಮ ಆಗಲೇ ಕಿಟಕಿಯ ಪರದೆಗಳನ್ನು ನೆನೆಹಾಕಿಯೂ ಆಗಿತ್ತು.

ಮನುಷ್ಯನಾದವನು ಆಗ ಏನು ಮಾಡಬೇಕು? ಬೈಕು ಹತ್ತಿ ಐವರ್ನಾಡಿಗೆ ಹೋಗಿ, ಜಗಲಿಯಲ್ಲಿ ನಿಂತು, ತಪ್ಪಾಯಿತು ಎನ್ನಬೇಕು. ಉದಯನಿಗೆ ಅಷ್ಟು ಎದೆಗಾರಿಕೆ ಇರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ವಾಟ್ಸಾಪಿನಲ್ಲಿ ಒಂದು ಸಂದೇಶ ಬರೆದು, ಮೂರೂ ಮನೆಗೆ ಒಂದೇ ಒತ್ತಿನಲ್ಲಿ ಕಳಿಸಿದ: "ಗೌರವಾನ್ವಿತ ಕ್ಲೈಂಟ್, ನನ್ನ ಭೇಟಿಯನ್ನು ತಾವು ತಪ್ಪಾಗಿ ಅರ್ಥೈಸಿಕೊಂಡಿರುವುದಕ್ಕೆ ವಿಷಾದಿಸುತ್ತೇನೆ. ಅದು ಕೇವಲ ವ್ಯಾವಹಾರಿಕ ಸಂಪರ್ಕವಾಗಿತ್ತು." ಕೊನೆಗೆ ಕೈಮುಗಿದ ಚಿತ್ರ ನಾಲ್ಕು.

ತಪ್ಪು ತಿಳಿದುಕೊಂಡದ್ದು ಅವರು, ವಿಷಾದ ಇವನದು!

ಮೂರು ಮನೆಯವರೂ ತಮ್ಮತಮ್ಮೊಳಗೆ ನೆಂಟರೆಂಬುದು ಅವನ ಫೈಲಿನಲ್ಲಿ ಬರೆದಿರಲಿಲ್ಲ. ಸಂದೇಶ ಮೂರು ಮೊಬೈಲಿನಿಂದ ಮುನ್ನೂರು ಮೊಬೈಲಿಗೆ ಹೋಯಿತು. ಕುಕ್ಕಪ್ಪ ಗೌಡರು ಬಾಯಿಬಿಟ್ಟು ಬೈದವರಲ್ಲ. "ಆ ಮನೆಯವರ ಸಹವಾಸ ಬೇಡ" ಎಂದು ಎರಡು ಕಡೆ ಹೇಳಿದರಂತೆ, ಅಷ್ಟೇ. ಅಷ್ಟು ಸಾಕಾಯಿತು. ಗೂಡಿನ ರೇಟು ವಿಚಾರಿಸಿ ಹೋಗಿದ್ದ ಇಬ್ಬರು ಪ್ರಣೀತಾಳ ಫೋನು ಎತ್ತಲಿಲ್ಲ. ಇನ್ನೊಬ್ಬರು ಬೆಳ್ಳಾರೆ ಪೇಟೆಯಲ್ಲಿ ಅವಳನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದರು. ಸಂಬಂಧದಿಂದ ವ್ಯಾಪಾರ ಎಷ್ಟು ಬೇಗ ಹಬ್ಬುತ್ತದೆಂದು ಚಿನ್ಮಯ ಸರ್ ಹೇಳಿದ್ದು ನಿಜ. ತಿರುಗಿ ಬರುವಾಗ ಅದಕ್ಕಿಂತ ಬೇಗ ಬರುತ್ತದೆಂದು ಮಾತ್ರ ಹೇಳಿರಲಿಲ್ಲ.

ಪ್ರಣೀತಾಳಿಗೆ ಅಣ್ಣನ ಮೇಲೆ ಬಂದ ಸಿಟ್ಟು ಎರಡು ದಿನವಾದರೂ ಇಳಿಯಲಿಲ್ಲ. ಮೂರನೆಯ ದಿನ ತನ್ನ ಮೇಲೂ ಬಂತು. ಮಾತಾಡಿ ಮಾರುವ ಕೆಲಸ ತನ್ನಂಥವಳಿಗಲ್ಲ, ಅದು ಹಲ್ಲು ಕಿಸಿಯುವವರಿಗೆ ಎಂದು ಅಸಡ್ಡೆ ಮಾಡಿ ಶೆಡ್ಡಿನೊಳಗೇ ಕೂತವಳು ಅವಳೇ ಅಲ್ಲವೇ? ನವರಾತ್ರಿಗೆ ಇನ್ನು ಹದಿನೆಂಟು ದಿನ. ಅವಳು ಶೆಡ್ಡಿನ ಹಿಂದೆ ಪರೀಕ್ಷೆಗೆಂದು ಕಟ್ಟಿದ್ದ ಗೂಡಿನಿಂದ ಎರಡು ಹಿಡಿ ಅಡಿಕೆ ಬಟ್ಟೆಚೀಲಕ್ಕೆ ತುಂಬಿಕೊಂಡಳು. ಮಳೆಗಾಲದಲ್ಲಿ ಮರದಿಂದ ಉದುರಿದ ಹಣ್ಣಡಿಕೆಯನ್ನು ಆ ಗೂಡಿನಲ್ಲೇ ಒಣಗಿಸಿದ್ದು. ಐವರ್ನಾಡಿನ ಬಸ್ಸು ಹತ್ತಿದಳು.

ಜಗಲಿಯಲ್ಲಿ ಕೂತಿದ್ದ ಕುಕ್ಕಪ್ಪ ಗೌಡರು, "ಯಾರು?" ಎಂದರು.

ಮಾವ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಶಬ್ದವನ್ನು ಅಣ್ಣ ಹಾಳು ಮಾಡಿ ಇಟ್ಟಿದ್ದ. "ಬೆಳ್ಳಾರೆಯ ಪ್ರಣೀತಾ ಗೌಡ್ರೇ, ಉದಯನ ತಂಗಿ. ಗೂಡು ಮಾರ್ಲಿಕ್ಕೆ ಬಂದದ್ದು. ಬೇರೆ ಎಂತದಕ್ಕೂ ಅಲ್ಲ."

ಒಳಗಿಂದ ಶೀಲಾವತಿ ಬಂದು ಬಾಗಿಲಲ್ಲಿ ನಿಂತರು. "ನಾನು ನೆಂಟರಿಗೆಲ್ಲ ಹೇಳಿಯಾಗಿತ್ತು," ಎಂದರು. "ಈಗ ಎಲ್ಲಿ ಹೋದ್ರೂ ಜನ ಮೊಬೈಲು ತೆಗೆದು ತೋರಿಸ್ತಾರೆ."

"ತಪ್ಪಾಯ್ತು ಅಮ್ಮ. ಅವನು ಬಂದು ಹೇಳ್ಬೇಕಿತ್ತು. ಬರುವ ಧೈರ್ಯ ಅವನಿಗಿಲ್ಲ, ಅದಕ್ಕೆ ನಾನು ಹೇಳ್ತಿದ್ದೇನೆ." ಹೇಳುವಾಗ ಪ್ರಣೀತಾಳಿಗೆ ನಿಜವಾಗಿಯೂ ನಾಚಿಕೆಯಾಗಿ ಕಣ್ಣು ತುಂಬಿತು. ಮತ್ತೇನೂ ತೋಚದೆ ಚೀಲದಿಂದ ಅಡಿಕೆ ತೆಗೆದು ಜಗಲಿಯ ಕಟ್ಟೆಯ ಮೇಲೆ ಇಟ್ಟಳು. "ಇದು ಈ ಮಳೆಗಾಲದಲ್ಲೇ ಒಣಗಿದ್ದು. ಒಡೆದು ನೋಡಿ. ಬೇಡ ಅಂತ ಕಂಡ್ರೆ ಈಗಲೇ ಹೋಗ್ತೇನೆ."

ಕುಕ್ಕಪ್ಪ ಗೌಡರಿಗೆ ಮನುಷ್ಯರ ಮೇಲೆ ಎಷ್ಟೇ ಸಿಟ್ಟಿರಲಿ, ಅಡಿಕೆಯ ಮೇಲೆ ಇರಲಿಲ್ಲ. ಒಂದರ ಸಿಪ್ಪೆ ಸುಲಿದು, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರು. ಒಳಗೆಲ್ಲೂ ಬೂಷ್ಟಿಲ್ಲ, ಕಪ್ಪಿಲ್ಲ. ಇನ್ನೊಂದನ್ನು ಒಡೆದರು, ಮತ್ತೊಂದನ್ನೂ.

ಅಷ್ಟರಲ್ಲಿ ತೋಟದಿಂದ ಗಂಬೂಟು ಹಾಕಿಕೊಂಡು ತೃಷಾ ಬಂದಳು. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ತೋಟ ನೋಡಿಕೊಳ್ಳುವವಳು ಅವಳೇ. ಹೋಳನ್ನು ಕೈಗೆತ್ತಿಕೊಂಡು ನೋಡಿ, "ಇದನ್ನೇ ನಾನು ನಿಮ್ಮ ಅಣ್ಣನ ಹತ್ರ ಕೇಳಿದ್ದು," ಎಂದಳು.

"ಕೇಳಿದ್ರಾ?"

"ಮತ್ತೆ? ಗೂಡಿನವರು ಬಂದಿದ್ದಾರೆ ಅಂತ ಅಪ್ಪ ಹೇಳಿದ್ರು. ಕಾಫಿ ಕೊಡುವಾಗಲೇ ಕೇಳಿದೆ, ನಿಮ್ಮ ಗೂಡಿನಲ್ಲಿ ಎಷ್ಟು ಅಡಿಕೆ ಹಿಡೀತದೆ ಅಂತ. ಆ ಪುಣ್ಯಾತ್ಮ ಎಂತ ಹೇಳಿದ ಗೊತ್ತುಂಟಾ? ‘ಅದೆಲ್ಲ ಆಮೇಲೆ, ಮೊದಲು ನಾವು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ’ ಅಂತ!"

ಬಾಗಿಲಲ್ಲಿ ನಿಂತಿದ್ದ ಶೀಲಾವತಿಗೇ ಮೊದಲು ನಗು ಬಂದದ್ದು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ.

"ನನಗೆ ಬೇಕಿದ್ದದ್ದು ಗೂಡು," ಎಂದಳು ತೃಷಾ. "ಮನೆಯವರು ಹುಡುಗನನ್ನು ಹಿಡ್ಕೊಂಡು ಕೂತ್ರು. ಹೇಳಿ ಅಕ್ಕ, ಎಷ್ಟು ಹಿಡೀತದೆ?"

ಪ್ರಣೀತಾ ಹೇಳಿದಳು. ಉದ್ದ ಅಗಲ ಹೇಳಿದಳು, ಎಷ್ಟು ದಿನಕ್ಕೆ ಒಣಗುತ್ತದೆ, ಶೀಟು ಎಷ್ಟು ವರ್ಷ ಬರುತ್ತದೆ, ಎಲ್ಲಿ ತೊಂದರೆ ಬರಬಹುದು, ಎಲ್ಲವನ್ನೂ ಹೇಳಿದಳು. ಇಷ್ಟು ಮಾತು ತನ್ನ ಬಾಯಲ್ಲಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕುಕ್ಕಪ್ಪ ಗೌಡರು ಎದ್ದು ನಿಂತು ಮಂಡಿ ತಿಕ್ಕಿಕೊಂಡರು.

"ಇಲ್ಲಿಗೆ ಒಂದು, ಆಚೆ ಮನೆಯ ತಮ್ಮನಿಗೆ ಒಂದು ಕಟ್ಟಿ. ನೋಡ್ಲಿಕ್ಕೆ ಬರುವವರಿಗೆ ನಾನೇ ತೋರಿಸ್ತೇನೆ. ಆದ್ರೆ ನಿಮ್ಮ ಅಣ್ಣ ಎಂಬ ಆ ಜನ ಮಾತ್ರ ನನ್ನ ಅಂಗಳಕ್ಕೆ ಕಾಲಿಡ್ಲಿಕ್ಕಿಲ್ಲ."

ಪ್ರಣೀತಾ ಬಸ್ಸು ಹತ್ತಿದ ಕೂಡಲೇ ಮಶೂದನಿಗೆ ಫೋನು ಮಾಡಿ, ಮಂಗಳೂರಿನವರಿಗೆ ಆಗುವುದಿಲ್ಲ ಎಂದು ಹೇಳಲು ಹೇಳಿದಳು. ಆಮೇಲೆ ಅಮ್ಮನಿಗೆ ಹೇಳಿದಳು. ಅಮ್ಮ ಉದಯನಿಗೆ ಹೇಳಿದಳು, ಅದೊಂದು ತಪ್ಪಾಯಿತು.

ಬಸ್ಸು ಬೆಳ್ಳಾರೆ ಮುಟ್ಟುವಷ್ಟರಲ್ಲಿ ಫೇಸ್‌ಬುಕ್ಕಿನಲ್ಲಿ ಹೊಸ ಪೋಸ್ಟ್ ಬಂದಿತ್ತು. ಕೊರಳಲ್ಲಿ ಬಿಲ್ಲೆ ಹಾಕಿಕೊಂಡ ಉದಯ, ಕೆಳಗೆ ಬರಹ: "ತಾಳ್ಮೆಯಿಂದ ಬೆಳೆಸಿದ ಸಂಬಂಧ ಕೊನೆಗೂ ಫಲ ಕೊಟ್ಟಿತು. ಐವರ್ನಾಡಿನ ಒಂದೇ ಕುಟುಂಬದಿಂದ ಎರಡು ಆರ್ಡರ್!" ಚಿನ್ಮಯ ಸರ್ ಚಪ್ಪಾಳೆ ತಟ್ಟಿ, ಮುಂದಿನ ಶಿಬಿರದಲ್ಲಿ ಬಂದು ಅನುಭವ ಹಂಚಿಕೊಳ್ಳಲು ಕರೆದಿದ್ದ. ಉದಯ ಒಪ್ಪಿಯೂ ಆಗಿತ್ತು.

ಎರಡು ವರ್ಷದಲ್ಲಿ ಒಂದು ದಿನವೂ ಅಣ್ಣನ ಪೋಸ್ಟಿಗೆ ಪ್ರಣೀತಾ ಏನೂ ಬರೆದವಳಲ್ಲ. ಇಂದು ಬಸ್‌ಸ್ಟ್ಯಾಂಡಿನಲ್ಲೇ ನಿಂತು, ಊರಿನ ಗೌಡರೆಲ್ಲ ಓದುವ ಹಾಗೆ, ಒಂದೇ ಸಾಲು ಬರೆದಳು:

"ಅಲ್ಲ ಮಾರಾಯ, ನಿನ್ನದು ಯಾವ ಬಳಿ?"

ಮೊಬೈಲು ಚೀಲಕ್ಕೆ ಹಾಕುವ ಮೊದಲೇ ಮೊದಲ ಲೈಕ್ ಬಂತು. ಹಾಕಿದ್ದು ಐವರ್ನಾಡಿನ ತೃಷಾ.