ತಾಯಿ ಗಡ್ಡೆ

ಶೀಲಾವತಿಯ ಹಟ ಮುಂಬೈಯ ವಿಲೆ ಪಾರ್ಲೆಯ ಆ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ಮಂದಿಯೆಲ್ಲ ಬಾಡಿಗೆ ಮನೆ ಹುಡುಕಿಕೊಂಡು ಚದುರುತ್ತಿದ್ದರೆ, ಈಕೆಗೆ ಹಿತ್ತಲಿನ ಅರಿಶಿನದ ಬುಡದ್ದೇ ಚಿಂತೆ. ತೀರಿಕೊಂಡ ಅತ್ತೆ ಉಡುಪಿಯ ಕಡೆಯಿಂದ ತಂದು ನೀರಿನ ಟಾಕಿಯ ಪಕ್ಕ ಊರಿದ ಗಡ್ಡೆ ಅದು. ನಾಗರಪಂಚಮಿಗೆ ಅದರ ಎಲೆಯಲ್ಲೇ ಕಡುಬು ಬೇಯಬೇಕು. ಪೇಟೆಯ ಎಲೆ ಆ ಮನೆಗೆ ಒಮ್ಮೆಯೂ ಬಂದದ್ದಿಲ್ಲ. ತನ್ನ ಕೈಯಲ್ಲಿ ಆ ಗಿಡದ ಸಂತಾನ ಮುಗಿದುಹೋದರೆ ಮೇಲೆ ಹೋಗಿ ಅತ್ತೆಗೆ ಯಾವ ಮುಖ ತೋರಿಸಲಿ ಎಂಬ ಭಯ ಅವಳಿಗೆ.

ಮೇ ತಿಂಗಳ ಬಿಸಿಲಲ್ಲಿ ಸೊಸೆ ಸೋನಾಲಿಯ ಜೊತೆ ಅಗೆಯಲು ಕುಳಿತಳು. ಎಲೆಯೆಲ್ಲ ಒಣಗಿ ಗಡ್ಡೆ ಮಲಗಿರುವ ಕಾಲ, ಕೀಳುವುದಕ್ಕೆ ಅದೇ ಸರಿ. ಆದರೆ ವರ್ಷಗಟ್ಟಲೆ ಬಿಡಿಸದೆ ಬಿಟ್ಟ ಬುಡ ಬೀಸುವ ಕಲ್ಲಿನಷ್ಟು ಅಗಲವಾಗಿ ಗೋಡೆಗೆ ಕಚ್ಚಿಕೊಂಡಿತ್ತು.

"ಅಮ್ಮಾ, ಪೂರಾ ಬರೋದಿಲ್ಲ. ಕಾಟ್‌ನಾ ಪಡೇಗಾ," ಎಂದಳು ಸೋನಾಲಿ.

"ಕಡಿ ಮಾರಾಯ್ತಿ. ಆದ್ರೆ ನಡುವಿನ ತಾಯಿ ಗಡ್ಡೆಗೆ ಕತ್ತಿ ತಾಗ್ಬಾರ್ದು."

ಸುತ್ತಲಿನ ಮರಿಗಳನ್ನು ತುಂಡರಿಸಿ ಶೀಲಾವತಿ ನೆರೆಯವರಿಗೆ ಹಂಚಿದಳು. ಕೊಟ್ಟ ರೀತಿ ನೋಡಬೇಕಿತ್ತು, ಊಟ ಮುಗಿದ ಮೇಲೆ ಉಳಿದದ್ದನ್ನು ಕಟ್ಟಿಕೊಟ್ಟ ಹಾಗೆ. ಎದುರು ಮನೆಯ ವಿಜಯಪುರದ ಶಿವಕುಮಾರಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಚಿಕ್ಕ ತುಂಡು. ತಾಯಿ ಗಡ್ಡೆಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಪವಾಯಿಯ ಬಾಡಿಗೆ ಮನೆಗೆ ಒಯ್ದು, ಬಾಲ್ಕನಿಯ ದೊಡ್ಡ ಡ್ರಮ್ಮಿನಲ್ಲಿ ಕುಂಕುಮ ಹಚ್ಚಿ ಊರಿದಳು.

ಮಳೆ ಹಿಡಿಯಿತು. ಪವಾಯಿಯೆಲ್ಲ ಹಸಿರಾದರೂ ಡ್ರಮ್ಮಿನಲ್ಲಿ ಮೊಳಕೆಯ ಸುಳಿವಿಲ್ಲ. ಪಂಚಮಿ ಹತ್ತಿರ ಬಂದಾಗ ತಾಳಲಾರದೆ ಕೆದಕಿದಳು. ಬೆರಳಿಗೆ ಹತ್ತಿದ್ದು ಕೊಳೆತ ಕೆಸರು. ವಯಸ್ಸಾದ ಗಡ್ಡೆಯಲ್ಲಿ ಚಿಗುರುವ ಕಣ್ಣೇ ಉಳಿದಿರಲಿಲ್ಲ. ಜೀವವೆಲ್ಲ ಹೊರಗಿನ ಮರಿಗಳಲ್ಲಿತ್ತು. ಪೂಜೆ ಮಾಡಿ ಮುದಿ ಗಡ್ಡೆಯನ್ನು ಇಟ್ಟುಕೊಂಡು, ಬೆಳೆಯುವುದನ್ನೆಲ್ಲ ದಾನ ಮಾಡಿದ್ದಳು ಪುಣ್ಯಾತ್ಗಿತ್ತಿ. ಬಾಲ್ಕನಿಯಲ್ಲೇ ಕುಳಿತು ಅತ್ತಳು. ಹಾಗೆ ಹಂಚಿದ ಮೇಲೆ ಯಾರಿಗಾದರೂ ಫೋನ್ ಮಾಡಿ ಕೇಳಲು ಬಾಯಿ ಬರಲಿಲ್ಲ.

ಕೇಳಿದ್ದು ಸೋನಾಲಿ. ಶೀಲಾವತಿಗೆ ಹೇಳದೆ ಹಳೆಯ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕಿದಳು.

ಪಂಚಮಿಯ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಶಿವಕುಮಾರಿ, ಸೊಂಟದ ಮೇಲೆ ಪೇಂಟಿನ ಬಕೆಟ್ಟು, ಬಕೆಟ್ಟಿನ ತುಂಬ ಮೊಳದುದ್ದದ ಅರಿಶಿನದ ಎಲೆ.

"ಎಲಿ ಹೆಂಗ ಕೊಯ್ಯೋದು ಗೊತ್ತಾಗ್ಲಿಲ್ರೀ ಅಕ್ಕಾರ. ಅದಕ್ಕ ಗಿಡಾನ ರಿಕ್ಷಾದಾಗ ಕುಂಡ್ರಿಸ್ಕೊಂಡು ಬಂದೆ."

ಅವಳ ಹಿಂದೆಯೇ ಲಿಫ್ಟಿನಿಂದ ಇನ್ನಿಬ್ಬರು ಹಳೆಯ ನೆರೆಯವರು ಇಳಿದರು, ಕಂಕುಳಲ್ಲಿ ಎಲೆಯ ಕಟ್ಟು. ಶೀಲಾವತಿ ಒಂದೆಲೆಯ ಚೂರು ಹರಿದು ಮೂಗಿಗೆ ಹಿಡಿದಳು. ಅದೇ ಘಮ, ಅತ್ತೆಯದೇ ಗಿಡ. ಸಂತೋಷಕ್ಕೆ ಎದೆಯುಬ್ಬಿ ಬಂತು. ಸತ್ತಿತೆಂದು ಅತ್ತಿದ್ದ ಗಿಡ ಮುಂಬೈ ತುಂಬ ಹಬ್ಬಿ ನಿಂತಿತ್ತು.

ಎಲೆಗೆ ಅಕ್ಕಿ ಹಿಟ್ಟು ಸವರಿ, ಕಾಯಿಬೆಲ್ಲ ಹರಡಿ, ಮಡಚಿ ಹಬೆಗಿಟ್ಟರು. ಘಮ ಮೆಟ್ಟಿಲಿಳಿದು ವಾಚ್‌ಮನ್‌ವರೆಗೂ ಹೋಯಿತು. ಶಿವಕುಮಾರಿ ತಾನು ತಂದ ಶೇಂಗಾ ಉಂಡಿಯನ್ನು ಮರೆತು ಕಡುಬಿನ ಮೇಲೆ ಕಡುಬು ಬಿಚ್ಚಿದಳು.

ಹೊರಡುವಾಗ ಬಕೆಟ್ಟನ್ನು ಬಾಲ್ಕನಿಗೆ ತಳ್ಳಿ, "ನಿಮ್ಮದು ನಿಮಗ ಮುಟ್ಟಿತ್ರೀ," ಎಂದಳು.

ಶೀಲಾವತಿ ಅದನ್ನೆತ್ತಿ ಮತ್ತೆ ಅವಳ ಸೊಂಟಕ್ಕೇ ಇಟ್ಟಳು.

"ಇದು ನಿಮ್ದೇ ಶಿವಕುಮಾರಿ. ಬೇಸಿಗೆಯಲ್ಲಿ ನಾನೇ ನಿಮ್ಮ ಮನೆಗೆ ಬರ್ತೇನೆ. ನಂಗೊಂದು ಮರಿ ಕೊಡಿ, ಸಾಕು."