ಅಮಲ್ದಾರರ ಎಳೆ ನಾಲಿಗೆ

ಮದ್ದೂರಿನ ನನ್ನ ಹೊಗೆಸೊಪ್ಪಿನಂಗಡಿಯಲ್ಲಿ ಕುಳಿತು ಮೂಗೆತ್ತಿದರೆ ಸಾಕು, ಲಂಡನ್ನಿನಲ್ಲಿ ಯಾರು ಯಾವ ಸೊಪ್ಪು ಸೇದುತ್ತಿದ್ದಾರೆಂದು ಹೇಳಬಲ್ಲೆ. ಯುದ್ಧ ಶುರುವಾಗಿ ವಿಲಾಯಿತಿ ಹೊಗೆಸೊಪ್ಪಿನ ಡಬ್ಬಿ ಬರುವುದು ನಿಂತಾಗ, ಎಳೆಮಗುವಿನಂಥ ನಾಲಿಗೆಯ ನಿವೃತ್ತ ಅಮಲ್ದಾರ್ ಕೆಂಚೇಗೌಡರ ಪೈಪಿಗೆ ನಾನೇ ಏಳು ದೇಶದ ಸೊಪ್ಪು ಬೆರೆಸಿ ಕೊಟ್ಟೆ.

ಮೂರನೆಯ ದಿನ ಅವರು ಅಂಗಡಿಗೆ ನುಗ್ಗಿದರು.

"ಲೇ ಇಸಾಕ್, ನಾಲ್ಗೆ ಬೊಬ್ಬೆ ಎದ್ದದೆ ಕಣ್ಲಾ! ಅನ್ನ ನುಂಗಕ್ಕಾಯ್ತಿಲ್ಲ!"

"ಒಳ್ಳೆ ಸೊಪ್ಪು ಮೊದಮೊದ್ಲು ಅಂಗೇಯ ಬುದ್ದಿ. ನಾನು ದಿನಾ ನೂರು ಪೈಪು ಎಳೀತೀನಿ."

"ಎಳಿ ಮತ್ತೆ, ನನ್ಮುಂದೆ!" ಎಂದು ಉರಿಯುವ ಪೈಪನ್ನು ನನ್ನ ಬಾಯಿಗೆ ತುರುಕಿದರು. ಒಂದೇ ದಮ್ಮಿಗೆ ಕೆಮ್ಮುತ್ತ ನೆಲಕ್ಕೆ ಕುಸಿದೆ.

ಅವರು ಕೋಲೆತ್ತಿದರು. "ಇದ್ರಾಗೇನಾಕಿದ್ದೀಯ? ಬೊಗಳು!"

"ಬುಡಿ ಬುದ್ದಿ, ಹೇಳ್ತೀನಿ. ನಾನು ಹುಟ್ಟಿದಾಗಿಂದ ಬೀಡೀನೂ ಸೇದಿಲ್ಲ. ಅದು ನಮ್ಮಜ್ಜಿ ಹುಕ್ಕಾಕ್ಕೆ ಹಾಕೋ ಬೆಲ್ಲದ ಸೊಪ್ಪು. ನಿಮ್ಮ ನಾಲ್ಗೆಗೆ ಮೆತ್ತಗಿರ್ಲಿ ಅಂತ ಇನ್ನೊಂದಚ್ಚು ಬೆಲ್ಲ ಕಲಸ್ದೆ. ಆ ಬೆಲ್ಲವೇ ಕಾದು ನಿಮ್ಮ ನಾಲ್ಗೇನ ಸುಟ್ಟಿರೋದು."